ಓದುಗರ ಪ್ರಶ್ನೆ: ಕರುಳಿನ ಅಂಗಾಂಶದ ಪ್ರಯೋಗಾಲಯದಲ್ಲಿ ಕೆಲಸ

ಜಠರ ಮತ್ತು ಕರುಳಿನ ಅಂಗಾಂಶದ ಮೇಲೆ ಸಂಶೋಧನೆ ನಡೆಸುವ ಪ್ರಯೋಗಾಲಯಗಳ ಕೆಲಸದ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ಉತ್ತರಿಸಿದವರು ಅದೇ ಕೆಲಸದಲ್ಲಿ ಇರುವವರು.

ಪ್ರಶ್ನೆ: ಬಯೋಕೆಮಿಸ್ಟ್ರಿ ಎಂ.ಎಸ್‌ಸಿ. ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಸೇರುತ್ತಿದ್ದೇನೆ. ಆಪರೇಷನ್ ಥಿಯೇಟರಿನಿಂದ ಕರುಳಿನ ತುಂಡು ತಂದು, ಭಾಗ ಮಾಡಿ ಇಡುವುದು ಮೊದಲ ಕೆಲಸವಂತೆ. ಏನು ತಿಳಿದುಕೊಂಡು ಹೋಗಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಸಮಯದ ಲೆಕ್ಕ ಇಡುವುದನ್ನು. ಬೇರೆ ಎಷ್ಟೋ ಅಂಗಗಳಿಗಿಂತ ಕರುಳು ಬೇಗ ಹಾಳಾಗುತ್ತದೆ. ಅದರೊಳಗೆ ಜೀರ್ಣರಸ ಉಂಟು, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಉಂಟು. ರಕ್ತ ಹರಿಯುವುದು ನಿಂತಾಗಿನಿಂದಲೇ ಒಳಗಿನ ಲೋಳೆಪದರ ತನ್ನನ್ನು ತಾನೇ ಅರಗಿಸಿಕೊಳ್ಳತೊಡಗುತ್ತದೆ. ಮೊದಲು ಉದುರುವುದು ವಿಲ್ಲೈಗಳ, ಅಂದರೆ ಆ ಪದರದ ಮೇಲೆ ಬೆರಳಿನಂತೆ ಎದ್ದು ನಿಂತ ಮಡಿಕೆಗಳ ತುದಿಯ ಕೋಶಗಳು. ಮೊದಲ ಅರ್ಧ ಗಂಟೆಯಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಯಾವ ದುಬಾರಿ ಯಂತ್ರವೂ ಹುಡುಕಿ ಕೊಡುವುದಿಲ್ಲ.

ಹಿಂದಿನ ಸಂಜೆಯೇ ಶೀಶೆಗಳಿಗೆಲ್ಲ ಲೇಬಲ್ ಅಂಟಿಸಿ ಸಾಲಾಗಿ ಇಟ್ಟಿರಿ. ಥಿಯೇಟರಿಗೆ ಹೋಗುವಾಗ ಐಸ್ ಡಬ್ಬಿ, ಕ್ಯಾಲ್ಸಿಯಂ–ಮೆಗ್ನೀಸಿಯಂ ಇಲ್ಲದ ತಣ್ಣನೆಯ ಪಿಬಿಎಸ್ ದ್ರಾವಣ (ಫಾಸ್ಫೇಟ್ ಬೆರೆತ ಉಪ್ಪುನೀರು), ಆ್ಯಂಟಿಬಯಾಟಿಕ್ ಬೆರೆಸಿದ ಸಾಗಣೆ ಮಾಧ್ಯಮ, ನೋಟ್‌ಬುಕ್ ಕೈಯಲ್ಲಿರಲಿ. ತುಂಡನ್ನು ಬರೀ ನೀರಿಗೆ ಹಾಕಬೇಡಿ, ಕೋಶಗಳು ನೀರು ಹೀರಿ ಒಡೆಯುತ್ತವೆ. ಒಣ ಗಾಜ್ ಬಟ್ಟೆಯಲ್ಲಿ ಸುತ್ತಿದರೆ ಮೇಲ್ಪದರ ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಐಸಿನ ಮೇಲೆ ನೇರವಾಗಿಯೂ ಇಡಬಾರದು, ಡಬ್ಬಿಯೊಳಗಿನ ಡಬ್ಬಿಯಲ್ಲಿ ಇಡಿ.

ಒಂದು ನಿಯಮವನ್ನು ಎಂದೂ ಮೀರಬೇಡಿ: ರೋಗ ಪತ್ತೆಯ ಕೆಲಸ ಮೊದಲು, ಸಂಶೋಧನೆ ಆಮೇಲೆ. ತುಂಡನ್ನು ಮೊದಲು ನೋಡುವವರು ಪೆಥಾಲಜಿಸ್ಟ್. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಅವರು ಹೇಳಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಆದರೆ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಬೇಕು. ಅವರು ಗುರುತು ಮಾಡಿ ಕೊಟ್ಟ ಜಾಗದಿಂದಷ್ಟೇ ನಿಮ್ಮ ಪಾಲು. ರೋಗಿಯ ಚಿಕಿತ್ಸೆ ಆ ವರದಿಯ ಮೇಲೆ ನಿಂತಿರುತ್ತದೆ.

ಪಾಲು ಸಿಕ್ಕ ಮೇಲೆ ತಣ್ಣನೆಯ ಪಿಬಿಎಸ್‌ನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಉಜ್ಜಬೇಡಿ, ಟಿಶ್ಯೂ ಕಾಗದದಿಂದ ಒರೆಸಬೇಡಿ. ಆಮೇಲೆ ಈ ಕ್ರಮದಲ್ಲಿ ಹಂಚಿ. ಮೊದಲು ಆರ್‌ಎನ್‌ಎಗೆ: ಒಂದು ಬದಿಯಾದರೂ ಅರ್ಧ ಸೆಂಟಿಮೀಟರಿಗಿಂತ ತೆಳ್ಳಗಿರುವ ಚೂರು, ಅದರ ಐದು ಪಟ್ಟು ಆರ್‌ಎನ್‌ಎಲೇಟರ್ ಎಂಬ ಆರ್‌ಎನ್‌ಎ ಕಾಯುವ ದ್ರಾವಣ, ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ಮರುದಿನ ದ್ರವ ಬಸಿದು ಮೈನಸ್ 80ಕ್ಕೆ. ಎರಡನೆಯದಾಗಿ, ದ್ರವ ಸಾರಜನಕದಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟಿಸುವ ಚೂರುಗಳು. ಮೂರನೆಯದು ಕೋಶ ಬೆಳೆಸಲು ಬೇಕಾದ ಜೀವಂತ ಚೂರು. ಅಂಗಾಂಶ ಕೆಡದಂತೆ ಗಟ್ಟಿಮಾಡುವ ಫಾರ್ಮಲಿನ್ ಕಟ್ಟಕಡೆಗೆ, ಅದಕ್ಕೆ ಬೇರೆಯೇ ಚಿಮಟ. ಫಾರ್ಮಲಿನ್ ಸೋಕಿದ ಚಿಮಟದಿಂದ ಜೀವಂತ ಚೂರು ಹಿಡಿದರೆ ಅದು ಸತ್ತಂತೆಯೇ. ಕ್ಯಾನ್ಸರ್ ಚೂರಿನ ಜೊತೆ ಹೋಲಿಸಲು ಆರೋಗ್ಯವಂತ ಚೂರು ಬೇಕಿದ್ದರೆ ಗೆಡ್ಡೆಯಿಂದ 5–10 ಸೆಂ.ಮೀ. ಆಚೆಯದನ್ನು ಕೇಳಿ.

ನೋಟ್‌ಬುಕ್‌ನಲ್ಲಿ ಮೂರು ಸಮಯ ಇರಲೇಬೇಕು: ರಕ್ತನಾಳ ಕಟ್ಟಿದ್ದು, ತುಂಡು ಹೊರಬಂದದ್ದು, ಪ್ರತಿ ಶೀಶೆಗೆ ಚೂರು ಬಿದ್ದದ್ದು. ಮೊದಲಿನದನ್ನು ಥಿಯೇಟರಿನ ಸಿಸ್ಟರನ್ನೇ ಕೇಳಬೇಕು, ಬೇರೆ ಯಾರೂ ಬರೆದಿಟ್ಟಿರುವುದಿಲ್ಲ. ಎರಡು ವರ್ಷದ ಮೇಲೆ ಒಂದು ಮಾದರಿಯ ಫಲಿತಾಂಶ ವಿಚಿತ್ರವಾಗಿ ಬಂದಾಗ, ಅದು ರೋಗವೋ ತಡವಾದ ಐಸೋ ಎಂದು ಹೇಳುವುದು ಆ ಮೂರು ಅಂಕಿಗಳೇ.

ಪ್ರಶ್ನೆ: ಸಣ್ಣ ಕರುಳಿನ ಬಯಾಪ್ಸಿ ಸ್ಲೈಡುಗಳಲ್ಲಿ ವಿಲ್ಲೈ ಸರಿಯಾಗಿ ಕಾಣುವುದಿಲ್ಲ, ಬರೀ ಉಂಗುರಗಳು ಕಾಣುತ್ತವೆ ಎಂದು ಸಂಶೋಧಕರು ವಾಪಸ್ ಕಳಿಸುತ್ತಾರೆ. ತಪ್ಪು ಎಲ್ಲಿ?
– ಲ್ಯಾಬ್ ಟೆಕ್ನೀಷಿಯನ್, ಮಡಿಕೇರಿ

ಉತ್ತರ: ತೆಳ್ಳಗೆ ಕೊಯ್ಯುವ ಮುನ್ನ ಚೂರನ್ನು ಮೇಣದಲ್ಲಿ ಕೂರಿಸುವಲ್ಲಿ. ನಾಟಿ ಮಾಡಿದ ಗದ್ದೆಯನ್ನು ನೆಟ್ಟಗೆ ಮೇಲಿನಿಂದ ನೋಡಿದರೆ ಪೈರಿನ ಎತ್ತರ ತಿಳಿಯುವುದಿಲ್ಲ, ಚುಕ್ಕೆಗಳಷ್ಟೇ ಕಾಣುತ್ತವೆ. ಬದುವಿನ ಮೇಲೆ ಕೂತು ಅಡ್ಡದಿಂದ ನೋಡಿದರೆ ಬುಡದಿಂದ ತುದಿಯವರೆಗೆ ಕಾಣುತ್ತದೆ. ನಿಮ್ಮ ಸ್ಲೈಡಿನ ಉಂಗುರಗಳು ಮೇಲಿನಿಂದ ಕೊಯ್ದ ವಿಲ್ಲೈಗಳೇ. ಎತ್ತರ ಅಳೆಯಬೇಕಾದಲ್ಲಿ ಅಂಥ ಸ್ಲೈಡ್ ಉಪಯೋಗಕ್ಕೆ ಬಾರದು. ವಿಲ್ಲಸ್‌ನ ಎತ್ತರ ಅದರ ಬುಡದ ಗುಳಿಯ, ಅಂದರೆ ಕ್ರಿಪ್ಟ್‌ನ ಆಳದ ಮೂರು ಪಟ್ಟಾದರೂ ಇರುವುದು ಸಹಜ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಅದು ತಗ್ಗುತ್ತದೆ. ಓರೆಯಾಗಿ ಕೊಯ್ದರೆ ಆರೋಗ್ಯವಂತರಿಗೂ ಕಾಯಿಲೆ ಇದ್ದಂತೆ ಕಾಣುತ್ತದೆ.

ಸರಿಪಡಿಸುವುದು ಎಂಡೋಸ್ಕೋಪಿ ಕೋಣೆಯಿಂದಲೇ ಶುರುವಾಗಬೇಕು. ಫೋರ್ಸೆಪ್ಸ್‌ನಿಂದ ಬರುವ ಚೂರು 2–3 ಮಿ.ಮೀ. ಇರುತ್ತದೆ. ಅದನ್ನು ಸೂಜಿಯಿಂದ ಎಳೆಯದೆ, ಸಣ್ಣ ಫಿಲ್ಟರ್ ಕಾಗದದ ಮೇಲೆ ಲೋಳೆಪದರ ಮೇಲೆ ಬರುವಂತೆ ಕೂರಿಸಿ. ಕಣ್ಣಿಗೆ ಒಂದು ಬದಿ ಮಖಮಲ್ಲಿನಂತೆ ಒರಟಾಗಿ, ಇನ್ನೊಂದು ನುಣ್ಣಗೆ, ಬಿಳಿಚಿಕೊಂಡಂತೆ ಕಾಣುತ್ತದೆ, ಒರಟಾದದ್ದೇ ಮೇಲ್ಮುಖ. ಅರ್ಧ ನಿಮಿಷ ಬಿಟ್ಟರೆ ಕಾಗದಕ್ಕೆ ಹಿಡಿದುಕೊಳ್ಳುತ್ತದೆ. ಕಾಗದದ ಸಮೇತ ಫಾರ್ಮಲಿನ್‌ಗೆ ಇಳಿಸಿ. ಮೇಣ ಸುರಿಯುವಾಗ ಭೂತಗನ್ನಡಿ ಹಿಡಿದು, ಚೂರನ್ನು ಮಲಗಿಸದೆ ಬದಿಯ ಮೇಲೆ ನಿಲ್ಲಿಸಿ, ತಳದ ಮೇಣ ಗಟ್ಟಿಯಾಗುವವರೆಗೆ ಬಿಸಿ ಚಿಮಟದಲ್ಲೇ ಹಿಡಿದಿರಿ. ಇದಕ್ಕೆ ಹಿಡಿಯುವುದು ಐದಾರು ಸೆಕೆಂಡು, ಆದರೆ ಹೆಚ್ಚಿನ ಬ್ಲಾಕುಗಳು ಕೆಡುವುದೂ ಅಷ್ಟರಲ್ಲೇ. ಒಂದು ಬ್ಲಾಕಿನಲ್ಲಿ ಐದಾರು ಚೂರು ತುರುಕಬೇಡಿ, ಎರಡು ಸಾಕು. ಸ್ಲೈಡಿನಲ್ಲಿ ಮೂರು ನಾಲ್ಕು ವಿಲ್ಲೈ ಸಾಲಾಗಿ ಬುಡದಿಂದ ತುದಿಯವರೆಗೆ ಕಾಣುವ ತನಕ ಅಳತೆಗೆ ಕೊಡಬೇಡಿ.

ಪ್ರಶ್ನೆ: ಅದೇ ಸ್ಲೈಡುಗಳಲ್ಲಿ ಕಂದು–ಕಪ್ಪು ಪುಡಿ ಉದುರಿದ ಹಾಗೆ ಕಾಣುವುದು ಏಕೆ?
– ಮಡಿಕೇರಿಯ ಅದೇ ಓದುಗರು

ಉತ್ತರ: ಬಫರ್ ಇಲ್ಲದ ಫಾರ್ಮಲಿನ್ ಇಟ್ಟಷ್ಟೂ ಹುಳಿಯಾಗಿ, ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಆ ಪುಡಿ ಕೊಡುತ್ತದೆ. ಒಂದು ಲೀಟರಿಗೆ: ಅಂಗಡಿಯ 37–40 ಶೇಕಡಾ ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ಇರಬೇಕು. ಚೂರಿನ 10–20 ಪಟ್ಟು ದ್ರವ ಹಾಕಿ. ಸಣ್ಣ ಬಯಾಪ್ಸಿಗೆ 6ರಿಂದ 24 ಗಂಟೆ ಸಾಕು. ದೊಡ್ಡ ಕರುಳಿನ ತುಂಡನ್ನು ಸೀಳದೆ ಹಾಗೇ ಮುಳುಗಿಸಿದರೆ ಹೊರಗೆ ಗಟ್ಟಿ, ಒಳಗೆ ಕೊಳೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಖಚಿತವಾಗಿರುವ ವಸ್ತು. ಬೆರೆಸುವುದು ಫ್ಯೂಮ್ ಹುಡ್ ಒಳಗೇ ಆಗಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಲಿತ ಕ್ರಮವನ್ನೇ ಅನುಸರಿಸಿದರೂ ಮಡಿಕೇರಿಯಲ್ಲಿ ಆಟೋಕ್ಲೇವ್ (ಒತ್ತಡದ ಉಗಿಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಮಾಡಿದ ಮಾಧ್ಯಮ ಆಗಾಗ ಕೆಡುತ್ತದೆ, ಆ್ಯಂಟಿಬಾಡಿಯಿಂದ ಬರಿಸುವ ಇಮ್ಯುನೋ ಬಣ್ಣವೂ ಮಂಕು. ನೀರಿನ ದೋಷವೇ?
– ಸಂಶೋಧನಾ ಸಹಾಯಕರು, ಸೋಮವಾರಪೇಟೆ

ಉತ್ತರ: ನೀರಿಗಿಂತ ಮೊದಲು ಎತ್ತರವನ್ನು ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ. ಮುಳ್ಳಿನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಹೆಚ್ಚು ಎಂಬುದನ್ನು. ಹೊರಗಿನ ಒತ್ತಡವೇ ಕಡಿಮೆಯಾದ್ದರಿಂದ, ಗೇಜ್‌ನಲ್ಲಿ 15 ಪೌಂಡ್ ಬಂದರೂ ಒಳಗೆ 121ರ ಬದಲು 119 ಡಿಗ್ರಿ ಅಷ್ಟೇ ಇರುತ್ತದೆ. 121 ಬರಲು ಗೇಜ್ 17 ಪೌಂಡ್ ಹತ್ತಿರ ತೋರಿಸಬೇಕು. ನಿಮ್ಮ ಯಂತ್ರದ ಮಿತಿ ಅಷ್ಟಕ್ಕೆ ಒಪ್ಪುತ್ತದೆಯೇ ಎಂದು ಅದರ ಫಲಕ ನೋಡಿಯೇ ಮುಂದುವರಿಯಿರಿ. ಸೇಫ್ಟಿ ವಾಲ್ವಿಗೆ ಕೈ ಹಾಕಬೇಡಿ. ಒಪ್ಪದಿದ್ದರೆ 15 ನಿಮಿಷದ ಜಾಗದಲ್ಲಿ 25 ನಿಮಿಷ ಇಡಿ. ಒಳಗಿನ ತಾಪಮಾನವನ್ನೇ ಅಳೆದು ನಡೆಯುವ ಡಿಜಿಟಲ್ ಯಂತ್ರಕ್ಕೆ ಈ ತೊಂದರೆ ಇಲ್ಲ. ಒತ್ತಡ ಏರಿಸುವ ಮುನ್ನ ಒಳಗಿನ ಗಾಳಿ ಪೂರ್ತಿ ಹೋಗಿರಬೇಕು, ಗಾಳಿ ಉಳಿದರೆ ಗೇಜ್ ಸುಳ್ಳು ಹೇಳುತ್ತದೆ. ಬಣ್ಣ ಬದಲಿಸುವ ಟೇಪನ್ನು ನಂಬಿ ಕೂರದೆ, ಬಿಸಿಗೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಸ್ಪೋರ್ ಪಟ್ಟಿಯನ್ನು ಲೋಡಿನ ನಟ್ಟನಡುವೆ ಇಟ್ಟು ಆಗಾಗ ಪರೀಕ್ಷಿಸಿ.

ಇಮ್ಯುನೋ ಬಣ್ಣ ಮಂಕಾಗುವುದಕ್ಕೂ ಇದೇ ಕಾರಣ ಇರಬಹುದು. ಫಾರ್ಮಲಿನ್ ಮುಚ್ಚಿದ ಪ್ರೋಟೀನುಗಳನ್ನು ಆ್ಯಂಟಿಬಾಡಿಗೆ ತೆರೆದಿಡಲು ಸ್ಲೈಡುಗಳನ್ನು ಬಿಸಿ ದ್ರಾವಣದಲ್ಲಿ ಕಾಯಿಸುತ್ತಾರಲ್ಲ, ಅಲ್ಲಿ ನೋಡಿ. ಲೀಟರಿಗೆ 2.94 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಹಾಕಿ ಪಿಎಚ್ 6ಕ್ಕೆ ತಂದ ದ್ರಾವಣವನ್ನು ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದು 96 ದಾಟುವುದಿಲ್ಲ, ಬೇಗ ಬತ್ತಿಯೂ ಹೋಗುತ್ತದೆ. ಅಡುಗೆಮನೆಯಂಥದೇ ಸ್ಟೀಲ್ ಪ್ರೆಶರ್ ಕುಕ್ಕರ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಅದನ್ನು ಮತ್ತೆ ಅಡುಗೆಗೆ ಬಳಸಕೂಡದು. ಕರುಳಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದಿಂದ ಬಣ್ಣ ಬರಿಸುವ ವಿಧಾನದಲ್ಲಿ ಅಂಗಾಂಶದ ಸ್ವಂತ ಕಿಣ್ವವನ್ನು ಲೆವಮಿಸೋಲ್‌ನಿಂದ ಅಡಗಿಸುತ್ತಾರೆ. ಕರುಳಿನ ಕಿಣ್ವ ಮಾತ್ರ ಲೆವಮಿಸೋಲ್‌ಗೆ ಜಗ್ಗುವುದಿಲ್ಲ. ಹೆಪ್ಪುಗಟ್ಟಿಸಿದ ಚೂರುಗಳಲ್ಲಿ ವಿಲ್ಲೈ ಅಂಚೆಲ್ಲ ಸುಳ್ಳು ಬಣ್ಣ ಬರುತ್ತದೆ. ಪೆರಾಕ್ಸಿಡೇಸ್ ವಿಧಾನಕ್ಕೆ ಬದಲಾಯಿಸಿ.

ಕೋಶ ಬೆಳೆಸುವ ಇನ್‌ಕ್ಯುಬೇಟರಿಗೂ ಎತ್ತರ ತಟ್ಟುತ್ತದೆ. ಮಡಿಕೇರಿಯ ಗಾಳಿಯಲ್ಲಿ 5 ಶೇಕಡಾ ಇಂಗಾಲದ ಡೈಆಕ್ಸೈಡ್ ಅಂದರೆ ಕರಾವಳಿಯ 5 ಶೇಕಡಾಕ್ಕಿಂತ ಕಡಿಮೆ ಅನಿಲ. ಮಾಧ್ಯಮ ಸ್ವಲ್ಪ ನೇರಳೆಗೆ ತಿರುಗುತ್ತಿದ್ದರೆ 5.7ರ ಹತ್ತಿರ ಇಟ್ಟು ಪಿಎಚ್ ಅಳೆದು ನೋಡಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ಸ್ಲೈಡುಗಳು ಹಾಲಿನಂತೆ ಮಬ್ಬು, ಇನ್‌ಕ್ಯುಬೇಟರಿನಲ್ಲಿ ಬೂಷ್ಟು. ಪರಿಹಾರ ಇದೆಯೇ?
– ಓದುಗರು, ಗೋಣಿಕೊಪ್ಪಲು

ಉತ್ತರ: ಇದೆ, ಎರಡೂ ತೇವದ್ದೇ ಕಾಟ. ಬಣ್ಣ ಹಾಕಿದ ಸ್ಲೈಡಿನ ನೀರು ತೆಗೆಯುವ ಸಾಲಿನ ಕೊನೆಯ ಜಾರಿನ ಶುದ್ಧ ಆಲ್ಕೋಹಾಲ್ ಗಾಳಿಯ ನೀರು ಹೀರುತ್ತದೆ, ಆ ನೀರು ಝೈಲೀನಿಗೆ ಸೇರಿದಾಗ ಹಾಲಿನ ಬಣ್ಣ. ಜಾರಿನ ತಳದಲ್ಲಿ ಬಟ್ಟೆಯ ಗಂಟಿನಲ್ಲಿ ನೀರಿಲ್ಲದ ಕಾಪರ್ ಸಲ್ಫೇಟ್ ಇಡಿ. ಬಿಳಿ ಪುಡಿ ನೀಲಿಯಾದ ದಿನ ಆಲ್ಕೋಹಾಲ್ ಬದಲಿಸಿ. ಎಥನಾಲ್‌ಗೆ ಅಬಕಾರಿ ಪರವಾನಗಿಯ ತಾಪತ್ರಯವೆಂದು ಐಸೊಪ್ರೊಪೈಲ್ ಬಳಸುವವರಿಗೂ ಇದೇ ಮಾತು. ಕೊಯ್ದ ಚೂರು ಸ್ಲೈಡಿನಿಂದ ತೇಲಿಹೋಗುತ್ತಿದ್ದರೆ ಅಡಿಯಲ್ಲಿ ನೀರು ಉಳಿದಿದೆ: ಸ್ಲೈಡನ್ನು ನಿಲ್ಲಿಸಿ ನೀರು ಬಸಿದು, ಮಳೆಗಾಲದಲ್ಲಿ ಒಂದು ರಾತ್ರಿ 37 ಡಿಗ್ರಿಯಲ್ಲಿ, ಆಮೇಲೆ ಅರ್ಧ ಗಂಟೆ 60ರಲ್ಲಿ ಒಣಗಿಸಿ.

ಬೂಷ್ಟು ಬಹುಪಾಲು ರಟ್ಟಿನ ಪೆಟ್ಟಿಗೆಗಳ ಮೇಲೆ ಒಳಗೆ ಬರುತ್ತದೆ. ಪೆಟ್ಟಿಗೆಗಳನ್ನು ಹೊರಗೇ ಬಿಚ್ಚಿ. ಕೊಡೆ, ರೇನ್‌ಕೋಟು, ಒದ್ದೆ ಚಪ್ಪಲಿ ಮೊದಲ ಬಾಗಿಲಿನ ಆಚೆಗೇ ಇರಲಿ. ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ, ಆಟೋಕ್ಲೇವ್ ಮಾಡಿದ ನೀರನ್ನೇ ಹಾಕಿ. ಒರೆಸಲು 70 ಶೇಕಡಾ ಆಲ್ಕೋಹಾಲ್ ಇರಲಿ. ಶುದ್ಧ ಆಲ್ಕೋಹಾಲ್ ಅಷ್ಟು ಚೆನ್ನಾಗಿ ಕೊಲ್ಲುವುದಿಲ್ಲ, ಬೇಗ ಆರಿಹೋಗುತ್ತದೆ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಪುಟ್ಟ ಕರುಳು ಬೆಳೆಸುತ್ತಾರಂತೆ. ನಿಜವೇ? ಮಾಡುವುದು ಹೇಗೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ನಿಜ, ಅವನ್ನು ಆರ್ಗನಾಯ್ಡ್ ಎನ್ನುತ್ತಾರೆ. ಅವು ಪೂರ್ತಿ ಕರುಳಲ್ಲ, ಕರುಳಿನ ಒಳಪದರದ ಪುಟ್ಟ ಚೀಲಗಳು. ಸ್ನಾಯು, ನರ, ರಕ್ತನಾಳ ಇರುವುದಿಲ್ಲ. ಹಾಲೆಂಡಿನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ತೋಶಿರೊ ಸಾಟೊ 2009ರಲ್ಲಿ ಇಲಿಯ ಕರುಳಿನಿಂದ, 2011ರಲ್ಲಿ ಮನುಷ್ಯರ ಕರುಳಿನಿಂದ ಬೆಳೆಸುವ ದಾರಿ ತೋರಿಸಿದರು. ಕ್ರಿಪ್ಟ್‌ನ ತಳದಲ್ಲಿರುವ ಕಾಂಡಕೋಶಗಳೇ ಬೀಜ.

ಮಾಡುವುದು ಹೀಗೆ. ಚೂರನ್ನು 2–4 ಮಿ.ಮೀ.ಗೆ ಕತ್ತರಿಸಿ, ನೀರು ತಿಳಿಯಾಗುವವರೆಗೆ ಎಂಟು ಹತ್ತು ಸಲ ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆಯುತ್ತಾರೆ. ಕೆಲವು ಮಿಲಿಮೋಲಾರ್ ಇಡಿಟಿಎ ಹಾಕಿ ಅರ್ಧ ಗಂಟೆ ಐಸ್ ಮೇಲೆ ಮೆಲ್ಲಗೆ ಅಲುಗಾಡಿಸುತ್ತಾರೆ. ಇಡಿಟಿಎ ಕ್ಯಾಲ್ಸಿಯಂ ಕಸಿದುಕೊಳ್ಳುವುದರಿಂದ ಕೋಶಗಳ ಹಿಡಿತ ಸಡಿಲವಾಗುತ್ತದೆ. ಆ ದ್ರವ ಚೆಲ್ಲಿ, ಹೊಸ ಪಿಬಿಎಸ್ ಹಾಕಿ ಜೋರಾಗಿ ಕುಲುಕಿದರೆ ಕ್ರಿಪ್ಟ್‌ಗಳು ಉದುರುತ್ತವೆ. ಮೊದಲ ಕುಲುಕಿಗೆ ಬರುವುದು ವಿಲ್ಲೈ ಮತ್ತು ಕಸ. ಪ್ರತಿ ಸಲವೂ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಕ್ರಿಪ್ಟ್ ತುಂಬಿದ ಪಾಲನ್ನೇ ಇಟ್ಟುಕೊಳ್ಳುತ್ತಾರೆ. ಸಣ್ಣ ಕರುಳಿನದಾದರೆ 70 ಮೈಕ್ರಾನ್ ಜರಡಿ ಉಳಿದ ವಿಲ್ಲೈಗಳನ್ನು ತಡೆಯುತ್ತದೆ. ಆಮೇಲೆ ಮ್ಯಾಟ್ರಿಜೆಲ್ ಎಂಬ ಪ್ರೋಟೀನು ಜೆಲ್‌ನಲ್ಲಿ ಬೆರೆಸಿ, ಮೊದಲೇ ಬೆಚ್ಚಗಿಟ್ಟ ತಟ್ಟೆಯಲ್ಲಿ 50 ಮೈಕ್ರೋಲೀಟರಿನ ಹನಿ ಬಿಡಬೇಕು. ಮ್ಯಾಟ್ರಿಜೆಲ್ 10 ಡಿಗ್ರಿ ದಾಟಿದರೆ ಹೆಪ್ಪಾಗತೊಡಗುತ್ತದೆ. ಅದಕ್ಕೇ ಪಿಪೆಟ್ ತುದಿಗಳನ್ನೂ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ಮಾಧ್ಯಮದಲ್ಲಿ ಡಬ್ಲ್ಯುಎನ್‌ಟಿ, ಆರ್–ಸ್ಪಾಂಡಿನ್, ನಾಗಿನ್, ಇಜಿಎಫ್ ಎಂಬ ಪ್ರೋಟೀನುಗಳು ಇರಬೇಕು. ಮೊದಲೆರಡು ದಿನ ವೈ–27632 ಎಂಬ ರಾಸಾಯನಿಕ 10 ಮೈಕ್ರೋಮೋಲಾರ್ ಸೇರಿಸಿದರೆ ಬಿಡಿ ಕೋಶಗಳು ಸಾಯುವುದು ಕಡಿಮೆ. ವಾರ ಹತ್ತು ದಿನಕ್ಕೊಮ್ಮೆ ಒಡೆದು ಹೊಸ ಜೆಲ್‌ಗೆ ಬಿಡಬೇಕು. ಕರುಳಿನ ಚೂರು ಹುಟ್ಟಾ ಕ್ರಿಮಿ ತುಂಬಿದ್ದು. ತೊಳೆಯುವ ಹಂತದಲ್ಲಿ ಆತುರಪಟ್ಟವರಿಗೆ ಮೂರನೇ ದಿನ ಸಿಗುವುದು ಬ್ಯಾಕ್ಟೀರಿಯಾ.

ಪ್ರಶ್ನೆ: ನನ್ನ ಹೊಸ ಕೆಲಸದಲ್ಲಿ ಫ್ರೀಜರ್, ದಾಸ್ತಾನು, ಖರೀದಿ ಎಲ್ಲ ನೋಡಿಕೊಳ್ಳಬೇಕು. ಕರೆಂಟ್ ಹೋದಾಗ ಏನು ಗತಿ?
– ಓದುಗರು, ಪೊನ್ನಂಪೇಟೆ

ಉತ್ತರ: ಕರೆಂಟ್ ಹೋದ ಮೇಲೆ ಮಾಡುವ ಕೆಲಸ ಒಂದೇ: ಮೈನಸ್ 80 ಫ್ರೀಜರಿನ ಬಾಗಿಲು ತೆರೆಯದಿರುವುದು. ಉಳಿದದ್ದೆಲ್ಲ ಮಳೆಗೆ ಮೊದಲೇ ಮಾಡಿಟ್ಟಿರಬೇಕು. ಒಬ್ಬ ರೋಗಿಯ ಮಾದರಿಗಳನ್ನು ಒಂದೇ ಫ್ರೀಜರಿನಲ್ಲಿ ಇಡದೆ ಎರಡಕ್ಕೆ ಹಂಚಿ. ಒಂದು ಫ್ರೀಜರಿನ ಜಾಗವನ್ನು ಆಪತ್ತಿಗೆಂದು ಖಾಲಿ ಬಿಡಿ. ಮೈನಸ್ 65ಕ್ಕೆ ಕೂಗುವ, ಫೋನಿಗೂ ಸಂದೇಶ ಕಳಿಸುವ ಅಲಾರಂ ಇರಲಿ. ಅದಕ್ಕೆ ಬೇರೆ ಬ್ಯಾಟರಿ ಇರಲಿ. ಜನರೇಟರನ್ನು ಬರೀ ಓಡಿಸಿ ನೋಡಿದರೆ ಸಾಲದು, ಫ್ರೀಜರಿನ ಭಾರ ಕೊಟ್ಟು ನೋಡಬೇಕು. ತೇವದ ತಿಂಗಳುಗಳಲ್ಲಿ ಬಾಗಿಲಿನ ರಬ್ಬರ್ ಸುತ್ತ ಹಿಮ ಕಟ್ಟಿ ಸಂದು ಬಿಡುತ್ತದೆ, ವಾರಕ್ಕೊಮ್ಮೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಕಂಡೆನ್ಸರಿನ ಧೂಳುಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಯಾವ ರ‍್ಯಾಕ್, ಯಾವ ಪೆಟ್ಟಿಗೆ, ಯಾವ ಮನೆ ಎಂಬ ನಕ್ಷೆಯ ಪ್ರತಿ ಬಾಗಿಲ ಮೇಲೂ ಇರಲಿ. ಹುಡುಕುತ್ತ ಬಾಗಿಲು ತೆರೆದು ನಿಂತರೆ ಆಗುವ ಹಾನಿ ಕರೆಂಟ್ ಹೋದದ್ದಕ್ಕಿಂತ ಹೆಚ್ಚು.

ದ್ರವ ಸಾರಜನಕದ ಕ್ಯಾನನ್ನು ಊರಿನಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ಬರುವವರ ಕೈಯಲ್ಲಿ ನೋಡಿರುತ್ತೀರಿ, ಇದೂ ಅದೇ ಜಾತಿ. ಮಟ್ಟ ಅಳೆಯಲು ಮರದ ಕಡ್ಡಿಯನ್ನು ತಳದವರೆಗೆ ಇಳಿಸಿ, ಹತ್ತು ಸೆಕೆಂಡು ಬಿಟ್ಟು ತೆಗೆದು ಗಾಳಿಯಲ್ಲಿ ಆಡಿಸಿ. ಹಿಮ ಬೆಳ್ಳಗೆ ಕಟ್ಟಿದ ಉದ್ದವೇ ದ್ರವದ ಮಟ್ಟ. ವಾರಕ್ಕೆರಡು ಸಲ ಅಳೆದು ದಾಖಲಿಸಿ. ಇದ್ದಕ್ಕಿದ್ದಂತೆ ಬೇಗ ಇಳಿಯತೊಡಗಿದರೆ ಕ್ಯಾನಿನ ನಿರ್ವಾತ ಹೋಗಿದೆ ಎಂದರ್ಥ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದೂಡುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ಯಬೇಡಿ, ಲಿಫ್ಟಿನಲ್ಲಿ ಅದರ ಜೊತೆ ನಿಲ್ಲಬೇಡಿ.

ಖರೀದಿಯಲ್ಲಿ ಕೊನೆಯ ಬಾಟಲಿ ತೆರೆದ ದಿನವಲ್ಲ, ಅದರ ಹಿಂದಿನದು ತೆರೆದ ದಿನವೇ ಆರ್ಡರ್ ಹಾಕಿ. ಐಸಿನಲ್ಲಿ ಬರುವ ಸಾಮಾನು ಸೋಮವಾರ, ಮಂಗಳವಾರ ತಲುಪುವಂತೆ ಕೇಳಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಹುತ್ತರಿಯ ರಜೆಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ. ಆ್ಯಂಟಿಬಾಡಿ ಬಂದ ದಿನವೇ 10–20 ಮೈಕ್ರೋಲೀಟರಿನ ಪಾಲು ಮಾಡಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಹೊಸಬರು ಸೇರಿದಾಗ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ ಕೇಳಿ. ನಮ್ಮಲ್ಲಿ ಕರುಳಿನ ಕ್ಷಯ ಅಪರೂಪವಲ್ಲ. ಹಸಿ ಚೂರಿನ ಕೆಲಸ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೇ ನಡೆಯಲಿ. ಆರ್‌ಎನ್‌ಎ ಕಿಟ್ಟಿನ ಗ್ವಾನಿಡಿನ್ ದ್ರಾವಣವಿದ್ದ ಡಬ್ಬಿಗೆ ಬ್ಲೀಚ್ ಸುರಿಯಬೇಡಿ, ವಿಷಾನಿಲ ಬರುತ್ತದೆ. ಅಂಗಾಂಶ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೆಂಪಿಗೆ, ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ. 2016ರ ನಿಯಮದಂತೆ ಸಂಸ್ಕರಿಸದ ಕಸ 48 ಗಂಟೆ ಮೀರಿ ಕೂಡಬಾರದು.

ಪ್ರಶ್ನೆ: ನಮ್ಮ ತಂದೆಗೆ ಕೊಲೊನೋಸ್ಕೋಪಿ ಇದೆ. ಸಂಶೋಧನೆಗೆಂದು ಇನ್ನೆರಡು ಚೂರು ತೆಗೆಯಲು ಒಪ್ಪಿಗೆ ಕೇಳಿದ್ದಾರೆ. ತಂದೆಗೆ ಕೊಡವ ತಕ್ಕ್ ಬಿಟ್ಟರೆ ಬೇರೆ ಓದು ಬರಹ ಅಷ್ಟಾಗಿ ಇಲ್ಲ. ಸಹಿ ಹಾಕಿಸಬಹುದೇ?
– ಓದುಗರು, ನಾಪೋಕ್ಲು

ಉತ್ತರ: ಅದು ತಂದೆಯವರ ನಿರ್ಧಾರ, ಅವರಿಗೆ ಅರ್ಥವಾದ ಮೇಲಷ್ಟೇ. ಚೂರು ಅಕ್ಕಿಕಾಳಿಗಿಂತ ಚಿಕ್ಕದು, ತೆಗೆದದ್ದು ನೋವಾಗುವುದಿಲ್ಲ. ರಕ್ತಸ್ರಾವ ಅಪರೂಪ, ಆದರೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಓದಲು ಬಾರದವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಆಮೇಲೆ ಹೆಬ್ಬೆಟ್ಟು ಒತ್ತಬಹುದು. ನಿದ್ದೆಯ ಇಂಜೆಕ್ಷನ್ ಕೊಟ್ಟ ಮೇಲೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಚೂರು ಎಷ್ಟು ವರ್ಷ ಇಡುತ್ತಾರೆ, ಹೆಸರನ್ನು ಸಂಕೇತವಾಗಿ ಬದಲಿಸುತ್ತಾರೆಯೇ, ಬೇರೆ ಸಂಸ್ಥೆಗೆ ಕಳಿಸುತ್ತಾರೆಯೇ, ಮುಂದೆ ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು ಎಂದು ಕೇಳಿ. ಬೇಡವೆಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡುವಂತಿಲ್ಲ. ಒಪ್ಪಿದರೆ ಫಾರಂನ ಒಂದು ಪ್ರತಿಯನ್ನು ಮನೆಗೆ ತನ್ನಿ, ನೈತಿಕ ಸಮಿತಿಯನ್ನು ಸಂಪರ್ಕಿಸುವ ವಿವರ ಅದರಲ್ಲಿ ಇರಬೇಕು.